ಜಾಡಿಯಿಂದ ಕೆರೆದು ತೆಗೆದ ರೆಕ್ಕೆ

16 ನವೆಂಬರ್ 2019, ಶನಿವಾರ. ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ಒಂಬತ್ತರಿಂದಲೂ ಅಡುಗೆಮನೆಯ ಕಿಟಕಿ ಮುಚ್ಚಿದ್ದೇನೆ, ಆದರೂ ವಾಸನೆ ಒಳಗೇ ಇದೆ. ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನ ಈ ಸಾಲುಮನೆಗೆ ಬಂದು ಎರಡು ವರ್ಷ ನಾಲ್ಕು ತಿಂಗಳಾಯಿತು. ಪಕ್ಕದ ಮನೆಯಾತ ಹಳೆಯ ಕುರ್ಚಿಗಳನ್ನು ರಿಪೇರಿ ಮಾಡುತ್ತಾನೆಂದು ಗೊತ್ತಿತ್ತು. ಹಿತ್ತಲಿನಲ್ಲಿ ಒಲೆ ಹಚ್ಚಿ ಸರೇಸು ಕಾಯಿಸಿದ್ದು ಮಾತ್ರ ಇದೇ ಮೊದಲು. ದನದ ಚರ್ಮ, ಮೂಳೆ, ಗೊರಸು ಬೇಯಿಸಿ ಮಾಡುವ ಹಳೆಯ ಕಾಲದ ಅಂಟು ಅದು. ಬಿಸಿಯಾದಾಗ ಒದ್ದೆ ನಾಯಿ, ಹಳಸಿದ ಸಾರು, ಸುಟ್ಟ ಉಗುರು ಮೂರೂ ಸೇರಿದ ಹಾಗೆ ನಾರುತ್ತದೆ. ಮಾಡಿದ್ದ ಉಪ್ಪಿಟ್ಟನ್ನು ಎರಡು ತುತ್ತು ತಿಂದು ಚೆಲ್ಲಿದೆ.

ಈ ನಾತ ನನಗೆ ಹೊಸದಲ್ಲ. ಹಳೆಯ ಡೈರಿ ತೆಗೆದು ನೋಡಿದೆ. 2013ರ ಅಕ್ಟೋಬರ್ 8ರಿಂದ 2014ರ ಮಾರ್ಚ್ 18ರವರೆಗೆ, ಕ್ರಿಸ್‌ಮಸ್ ರಜೆಯ ಎರಡು ವಾರ ಬಿಟ್ಟರೆ, ಇಪ್ಪತ್ತೆರಡು ಮಂಗಳವಾರ. ಜ್ವರ ಬಂದ ಒಂದನ್ನು ಕಳೆದರೆ ಇಪ್ಪತ್ತೊಂದು. ಅಷ್ಟೂ ದಿನ ಇದೇ ನಾತ ನನ್ನ ಕೂದಲಿನಲ್ಲಿ, ಸ್ವೆಟರಿನಲ್ಲಿ, ಊಟದ ಡಬ್ಬಿಯ ಮುಚ್ಚಳದಲ್ಲಿ ಇತ್ತು. ಅದರ ಜೊತೆಗೆ, ಕೊನೆಯ ಕೆಲವು ವಾರ ಬಿಟ್ಟರೆ, ನನಗೆ ಕೆಲಸ ಕಲಿಸಿದ ಅಕ್ಕೋರೂ ಇದ್ದರು.

ಆಗ ನಾನು ಲೀಡ್ಸ್‌ನಲ್ಲಿ ವಸ್ತು ಸಂರಕ್ಷಣೆಯ ಎಂ.ಎ. ಓದುತ್ತಿದ್ದೆ. ಕೋರ್ಸಿನ ಭಾಗವಾಗಿ ವಾರಕ್ಕೊಂದು ದಿನ ಮ್ಯಾಂಚೆಸ್ಟರ್ ಕಡೆಯ ರೈಲು ಹಿಡಿದು, ನಡುವೆ ಸಿಗುವ ಒಂದು ಗಿರಣಿ ಊರಿನ ಪುಟ್ಟ ವಸ್ತುಸಂಗ್ರಹಾಲಯಕ್ಕೆ ಹೋಗಬೇಕಿತ್ತು. ಮೇಲೆ ಮಗ್ಗಗಳು, ಸತ್ತ ಪಕ್ಷಿಗಳು, ಊರಿನ ಹಳೆಯ ಮೇಯರುಗಳ ಕೊರಳಿನ ಅಧಿಕಾರದ ಸರಪಳಿ. ಕೆಳಗೆ ನೆಲಮಾಳಿಗೆಯಲ್ಲಿ ಯಾರೂ ನೋಡದ ಮಣ್ಣಿನ ಪಾತ್ರೆಗಳು. ಮೊದಲ ದಿನ ಆ ನೆಲಮಾಳಿಗೆಯ ಬಾಗಿಲು ತೆರೆದಾಗ ನನ್ನ ಬಾಯಿಂದ ತಾನಾಗಿ "ಛೀ" ಎಂದು ಬಂತು.

"ಆ ಛೀ ಯಾವೂರದು? ಮೈಸೂರಿಂದೇನು?" ಎಂದು ಒಳಗಿನಿಂದ ಒಂದು ದನಿ ಕೇಳಿತು.

ಮೇಜಿನ ದೀಪದ ಹಿಂದೆ ಬಿಳಿ ಕೂದಲಿನ, ಸಣ್ಣ ಮೈಯ ಹೆಂಗಸು. ಕಾಟನ್ ಸೀರೆಯ ಮೇಲೆ ಕಾರ್ಡಿಗನ್, ಅದರ ಮೇಲೆ ಕಲೆಯಾದ ಏಪ್ರನ್. ಚಹಾ ಮಾಡುವ ಕೆಟಲ್ಲಿನ ಪಕ್ಕದಲ್ಲೇ, ಬಿಸಿನೀರಿನ ಪಾತ್ರೆಯೊಳಗೆ ಒಂದು ಅಂಟಿನ ಡಬ್ಬಿ. ನಾನು ಮೇಡಂ ಎಂದೆ.

"ಮೇಡಂ ಅನಬ್ಯಾಡ. ಹಂಗಂದ್ರ ನನ್ನ ಹಿಂದ ಯಾರೋ ನಿಂತಾರ ಅಂತ ತಿರುಗಿ ನೋಡ್ತೀನಿ. ನಮ್ಮ ಕಡೆ ಕಲಸೋರಿಗೆ ಅಕ್ಕೋರ ಅಂತೀವಿ. ಹಂಗ ಅನ್ನು."

ಧಾರವಾಡದವರು. ಅಲ್ಲಿ ಚಿತ್ರಕಲೆ ಕಲಿತು, ಮದುವೆಯಾಗಿ 1973ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬಂದವರು. ಒಡೆದ ಪಿಂಗಾಣಿ ಜೋಡಿಸುವ ಕೆಲಸ ಹಿಡಿದು, ನಿವೃತ್ತಿಯಾಗುವವರೆಗೆ ಅದನ್ನೇ ಮಾಡಿದರು. ಗಂಡ ತೀರಿಕೊಂಡ ಮೇಲೆ ಮ್ಯಾಂಚೆಸ್ಟರ್ ಬಳಿಯ ವಿದನ್‌ಶಾದಲ್ಲಿದ್ದ ಮಗನ ಹತ್ತಿರ ಬಂದು, ಅಲ್ಲಿಂದ ಎರಡು ಬಸ್ಸು ಒಂದು ರೈಲು ಬದಲಿಸಿ ಪ್ರತಿ ಮಂಗಳವಾರ ಈ ನೆಲಮಾಳಿಗೆಗೆ ಸಂಬಳವಿಲ್ಲದೆ ಬರುತ್ತಿದ್ದರು. ನಾನು ಹೋದಾಗ ಅದು ಒಂಬತ್ತನೆಯ ವರ್ಷ. ಬೆಂಗಳೂರಿನವರು ಯಾರಾದರೂ ಫೋನ್ ಮಾಡಿದರೆ ಅವರ ಮಾತು ಥಟ್ಟನೆ ಬೆಂಗಳೂರಿನದಾಗುತ್ತಿತ್ತು. ನನ್ನ ಜೊತೆ ಮಾತ್ರ ಬದಲಿಸಲಿಲ್ಲ.

ನಮಗೆ ಕೊಟ್ಟ ಕೆಲಸ ಒಂದು ಜಾಡಿ. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಎತ್ತರ, ಎರಡು ಹಿಡಿ, ಹೊಟ್ಟೆಯ ಮೇಲೆ ಗುರಾಣಿ ಹಿಡಿದು ಓಡುವ ಒಬ್ಬ ಯೋಧ. ಸುಮಾರು ಎರಡೂವರೆ ಸಾವಿರ ವರ್ಷ ಹಳೆಯದು. ಇಟಲಿಯಲ್ಲಿ ಒಂದು ಗೋರಿಯಿಂದ ತೆಗೆದದ್ದು, ಯಾರೋ ಸ್ಥಳೀಯ ಶ್ರೀಮಂತರು ಕೊಂಡು, ಉಯಿಲಿನಲ್ಲಿ ಬರೆದುಕೊಟ್ಟದ್ದು. ಮುಂದಿನ ಬೇಸಿಗೆಯ ಪ್ರದರ್ಶನಕ್ಕೆ ಇದೇ ಮುಖ್ಯ ವಸ್ತು ಎಂದು ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ತೀರ್ಮಾನಿಸಿದ್ದರು. 'ಗ್ರೀಕ್ ವೀರ' ಎಂಬ ಚೀಟಿಯೂ ಆಗಲೇ ಅಚ್ಚಾಗಿತ್ತು.

ಗೋರಿಯ ಮಡಕೆ ಎಂದಾಗಲೇ ನನ್ನ ಕೈ ಹಿಂದೆ ಸರಿದಿತ್ತು. ನಮ್ಮಲ್ಲಿ ಮಡಕೆ ಹೊತ್ತು ಚಿತೆ ಸುತ್ತಿದವರು ಅದನ್ನು ಹಿಂದಕ್ಕೆ ಎಸೆದು, ತಿರುಗಿ ನೋಡದೆ ಬರುತ್ತಾರೆ. ಅಜ್ಜನ ಸಾವಿನಲ್ಲಿ ನಾನು ಅದನ್ನು ಕಂಡಿದ್ದೆ. ಇಲ್ಲಿ ಸತ್ತವರ ಪಕ್ಕದಲ್ಲಿದ್ದ ಮಡಕೆಯನ್ನು ಅಗೆದು ತೆಗೆದು, ಮಾರಿ, ಕೊಂಡು, ಊಟದ ಕೋಣೆಯಲ್ಲಿ ಇಟ್ಟಿದ್ದರು. ಅದರ ಪಾದದ ಒಳಗೆ ಒಣಗಿದ ಮಣ್ಣು ಇನ್ನೂ ಇತ್ತು. ಅದನ್ನು ತೂಗಿ, ಪೊಟ್ಟಣ ಕಟ್ಟಿ, ಹನ್ನೊಂದು ಗ್ರಾಂ ಎಂದು ಬರೆದಿಟ್ಟೆ. ಕೈ ಎರಡು ಸಲ ತೊಳೆದೆ.

ಎರಡನೆಯ ಮಂಗಳವಾರ ಅದಕ್ಕಿಂತ ಕೆಟ್ಟದು ಬಂತು. ಅಕ್ಕೋರು ಒಂದು ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಯ ಮೇಲೆ ಒಮ್ಮೆ ಹೊರಳಿಸಿ, ಜಾಡಿಯ ಕತ್ತಿನ ಮೇಲೆ ಮೆಲ್ಲಗೆ ಉರುಳಿಸಿದರು. ಹತ್ತಿ ಕಂದಾಯಿತು. ಅದನ್ನು ಎಸೆದು ಇನ್ನೊಂದು ಕಡ್ಡಿ ಎತ್ತಿಕೊಂಡರು. ಉಗುಳು. ಮನುಷ್ಯರ ಎಂಜಲು. ಪುಸ್ತಕದಲ್ಲಿ ಓದಿದ್ದೆ, ಎಂಜಲಿನಲ್ಲಿ ಕೊಳೆ ಕರಗಿಸುವ ಗುಣ ಇದೆ, ಹಳೆಯ ಬಣ್ಣಕ್ಕೆ ಅಷ್ಟು ಮೃದುವಾದದ್ದು ಬೇರೆ ಸಿಗದು ಎಂದು. ಓದುವುದು ಬೇರೆ, ನೋಡುವುದು ಬೇರೆ.

"ಬೆಳಿಗ್ಗಿ ಏನ ತಿಂದಿ?" ಎಂದರು ಅಕ್ಕೋರು.

"ಬ್ರೆಡ್ಡು, ಉಪ್ಪಿನಕಾಯಿ."

"ಹಂಗಾದ್ರ ಇವತ್ತ ನೀ ಮುಟ್ಟಬ್ಯಾಡ. ಎರಡೂವರಿ ಸಾವಿರ ವರ್ಷದ ಗಡಿಗಿಗೆ ಉಪ್ಪಿನಕಾಯಿ ಆಗಿ ಬರೂದಿಲ್ಲ. ಮುಂದಿನ ವಾರ ಬಾಯಿ ತೊಳಕೊಂಡು ಬಾ."

"ಅಕ್ಕೋರೆ, ನಂಗೆ ಆಗಲ್ಲ. ನೋಡಿದ್ರೇನೇ ವಾಕರಿಕೆ ಬರ್ತಿದೆ."

"ಹೇಸಿಗಿ ಆಗತದ, ಹೌದಿಲ್ಲೋ? ನನಗೂ ಆಗ್ತಿತ್ತು. ನಮ್ಮ ಅತ್ತಿ ಮನ್ಯಾಗ ಲೋಟಾ ತುಟಿಗೆ ತಾಕಿದ್ರ ಮತ್ತ ತೊಳೀಬೇಕಾಗ್ತಿತ್ತು." ಕಡ್ಡಿ ಎತ್ತಿ ತೋರಿಸಿದರು. "ಇಲ್ಲೂ ಅದ ನಿಯಮ. ಗಡಿಗಿ ಮುಟ್ಟಿದ್ದು ತಿರುಗಿ ಬಾಯಿಗೆ ಬರಬಾರದು. ನಮ್ಮ ಎಂಜಲ ಗಡಿಗಿ ಮ್ಯಾಲಿನ ಅವಗ ನಡೀತದ, ಅವನ ಎಂಜಲ ನಮಗ ನಡಿಯೂದಿಲ್ಲ."

ನಾಲ್ಕನೆಯ ವಾರಕ್ಕೆ ನಾನೂ ಮಾಡಿದೆ. ಅಭ್ಯಾಸವಾಯಿತು ಎಂದು ಬರೆದರೆ ಸುಳ್ಳು. ಪ್ರತಿ ಸಲ ಹತ್ತಿಯ ನಾರು ನಾಲಿಗೆಗೆ ಅಂಟಿದಾಗ ಎದ್ದು ಹೋಗಿ ಉಗಿದು ಬರುತ್ತಿದ್ದೆ. ಅದಕ್ಕೇ ಲೆಕ್ಕ ಇಟ್ಟೆ. ಎಣಿಸುತ್ತಿದ್ದರೆ ಬೇರೆ ಯೋಚನೆ ಬರುವುದಿಲ್ಲ. ಕತ್ತಿಗೆ 212 ಕಡ್ಡಿ, ಹಿಡಿಗಳಿಗೆ 148, ಮುಂಭಾಗದ ಹೊಟ್ಟೆಗೆ 603. ನಡುವೆ ಹಳೆಯ ಬೆಸುಗೆಗಳಿಂದ ಸರೇಸು ಬಿಸಿನೀರಿಗೆ ಕರಗಿ, ಕಂದು ಲೋಳೆಯಾಗಿ ಇಳಿಯುತ್ತಿತ್ತು. ಅದನ್ನು ಒರೆಸುವುದೂ ನನ್ನ ಕೆಲಸ. ಸಡಿಲವಾದ ಚೂರನ್ನು ಮತ್ತೆ ಕೂರಿಸಲು ಅಕ್ಕೋರು ಹೊಸ ಕಾಲದ ಅಂಟನ್ನೇ ಬಳಸುತ್ತಿದ್ದರು. ಆದರೂ ಆ ಸರೇಸಿನ ಡಬ್ಬಿಯನ್ನು ಬಿಸಿಯಾಗಿಡುತ್ತಿದ್ದರು, ಪ್ರದರ್ಶನದ ಮರದ ಪೀಠಗಳಿಗೆ ಬೇಕು ಎಂದು.

ಕೆಲಸ ಮಾಡುತ್ತ ಅವರು ಹೇಳುತ್ತಿದ್ದ ಸಂಗತಿಗಳನ್ನು ಡೈರಿಯಲ್ಲಿ ಬರೆದಿದ್ದೇನೆ. ರೋಮ್ ಬೆಳೆಯುವ ಮೊದಲು ಇಟಲಿಯ ನಡುಭಾಗದಲ್ಲಿ ಎಟ್ರುಸ್ಕನ್ನರೆಂಬ ಜನ ಇದ್ದರು. ಗ್ರೀಸ್‌ನಿಂದ ಹಡಗಿನಲ್ಲಿ ಬರುತ್ತಿದ್ದ ಚಿತ್ರದ ಜಾಡಿಗಳೆಂದರೆ ಅವರಿಗೆ ಆಸೆ. ಕೊಂಡರು, ಬಳಸಿದರು, ಸತ್ತವರ ಜೊತೆ ಇಟ್ಟರು. ಆಮೇಲೆ ತಾವೇ ಮಾಡತೊಡಗಿದರು. ಕೆಂಪು ಮಣ್ಣಿನ ಮೇಲೆ ಕಪ್ಪು ಆಕೃತಿ, ಆ ಕಪ್ಪಿನೊಳಗೆ ಚೂಪು ಮೊನೆಯಿಂದ ಗೀರಿದ ಗೆರೆ, ಈ ವಿದ್ಯೆಯೆಲ್ಲ ಗ್ರೀಕರದೇ. ಕೈ ಮಾತ್ರ ಬೇರೆ. ಇವರ ಕಪ್ಪು ಮಂಕು, ಅಲ್ಲಲ್ಲಿ ಕಂದು. ಆಕೃತಿಗಳಿಗೆ ದಪ್ಪ ತೊಡೆ, ಉದ್ದ ಮೂಗು. ಓಡುತ್ತಿದ್ದಾರೋ ಕುಣಿಯುತ್ತಿದ್ದಾರೋ ಹೇಳುವುದು ಕಷ್ಟ. ಎಲ್ಲೆಂದರಲ್ಲಿ ರೆಕ್ಕೆ, ಕುದುರೆಗೆ, ಹೆಂಗಸಿಗೆ, ಕಾಲಿನ ಚಪ್ಪಲಿಗೂ.

ಇನ್ನೂರು ಮುನ್ನೂರು ವರ್ಷದ ಹಿಂದೆ ಆ ಗೋರಿಗಳಿಂದ ಬಂದದ್ದನ್ನೆಲ್ಲ ಯುರೋಪಿನವರು ಎಟ್ರುಸ್ಕನ್ ಎಂದೇ ನಂಬಿದ್ದರಂತೆ. ಅದಕ್ಕೇ ಇಂಗ್ಲೆಂಡಿನ ಸ್ಟೋಕ್‌ನಲ್ಲಿ ಪಿಂಗಾಣಿ ಮಾಡುತ್ತಿದ್ದ ಜಾಗದ ಹೆಸರು ಇವತ್ತಿಗೂ ಎಟ್ರೂರಿಯಾ. ಅವುಗಳಲ್ಲಿ ಚೆನ್ನಾಗಿದ್ದವು ಗ್ರೀಕರು ಮಾಡಿದ್ದೆಂದು ಆಮೇಲೆ ಗೊತ್ತಾಯಿತು. ಅಲ್ಲಿಗೆ ಎಟ್ರುಸ್ಕನ್ನರ ಪಾಲಿಗೆ ಉಳಿದದ್ದು 'ಕೆಟ್ಟ ನಕಲು' ಎಂಬ ಮಾತೊಂದೇ.

"ಈ ಜಾಡಿನೂ ಗ್ರೀಕರದ್ದೇ ಅಲ್ವಾ?" ಎಂದು ಕೇಳಿದ್ದೆ.

"ಚೀಟಿ ಹಂಗ ಅಂತದ. ಒರಸಿ ನೋಡೋಣು."

ಮೇಲೆ ಯಾರೋ ಬಣ್ಣ ಬಳಿದಿದ್ದಾರೆ, ಅದು ಇತ್ತೀಚಿನದು, ತೆಗೆಯಬೇಕು ಎಂದು ಕ್ಯುರೇಟರ್‌ಗೆ ಹೇಳಿ ಒಪ್ಪಿಸಿದವರೂ ಅಕ್ಕೋರೇ. ಕೆಳಗೆ ಇನ್ನೂ ಸೊಗಸಾದ ಗ್ರೀಕ್ ಯೋಧ ಸಿಗುತ್ತಾನೆ ಎಂದುಕೊಂಡು ಅವರು ಸಹಿ ಹಾಕಿದರು. ಜನವರಿಯಿಂದ ಉಗುಳಿನ ಬದಲು ಬಣ್ಣ ಕರಗಿಸುವ ಅಸಿಟೋನ್ ಶುರುವಾಯಿತು. ಯೋಧನ ನೇರ ಮೂಗು ಮೊದಲ ದಿನವೇ ಹತ್ತಿಗೆ ಅಂಟಿ ಬಂತು. ಕೆಳಗಿನಿಂದ ಬೇರೆಯದೇ ಮೂಗು, ಸೌತೆಕಾಯಿಯಂಥದ್ದು, ಹೊರಬಂತು. ಅಕ್ಕೋರು ಆ ದಿನ ಚಹಾ ಕುಡಿಯುವುದನ್ನೂ ಮರೆತು ಅದನ್ನೇ ನೋಡುತ್ತಿದ್ದರು. "ಬಂದ್ಯಾ" ಎಂದರು, ನನಗಲ್ಲ.

11 ಫೆಬ್ರವರಿ 2014, ಮಧ್ಯಾಹ್ನ ಎರಡೂ ಹತ್ತು. ಗುರಾಣಿಯ ಸರದಿ. 87 ಕಡ್ಡಿಗಳಲ್ಲಿ ಗುರಾಣಿ ಪೂರ್ತಿ ಹೋಯಿತು. ಕೆಳಗೆ ಏನೂ ಇರಲಿಲ್ಲ. ಭುಜದಿಂದ ಹಿಡಿಯ ಬುಡದವರೆಗೆ, ನನ್ನ ಅಂಗೈಯಷ್ಟು ಅಗಲ, ಬರೀ ಮಣ್ಣು. ಭೂತಗನ್ನಡಿ ಹಿಡಿದೆ. ಒತ್ತೊತ್ತಾಗಿ, ಒಂದೇ ದಿಕ್ಕಿಗೆ, ಅಲಗಿನಿಂದ ಕೆರೆದ ಗುರುತುಗಳು. ಭುಜದ ಹತ್ತಿರ ಮಾತ್ರ ಮೂರು ಹಳೆಯ ಗೀರು ಉಳಿದಿದ್ದವು. ಆಳವಾಗಿದ್ದರಿಂದ ಕೆರೆದವರಿಗೆ ಸಿಕ್ಕಿರಲಿಲ್ಲ. ಬಾಗಿ ಮೇಲಕ್ಕೆ ಹೊರಟು, ಅರ್ಧ ಇಂಚಿಗೆ ನಿಂತುಹೋಗಿದ್ದವು. ಗರಿಯ ಬುಡದ ಹಾಗೆ.

ಯಾರೋ ಬೇಕೆಂದೇ ರೆಕ್ಕೆ ಕೆರೆದು ತೆಗೆದಿದ್ದರು. ಅದುವರೆಗೆ ನಾನು ಕಂಡ ಹೇಸಿಗೆಯೆಲ್ಲ ಮೈಯದು. ಇದು ಬೇರೆ. ಯಾರೋ ನನ್ನ ಎದುರಿಗೇ ಒಂದು ಪ್ರಾಣಿಯ ಕಿವಿ ಕತ್ತರಿಸಿದ ಹಾಗೆ ಅನಿಸಿತು. "ಎಂಥ ನೀಚರು ಇರ್ತಾರೆ ನೋಡಿ ಅಕ್ಕೋರೆ" ಎನ್ನುತ್ತ ಅಳತೆ ಬರೆಯತೊಡಗಿದೆ. ಕೆರೆದ ಜಾಗ, ಉದ್ದ, ಅಗಲ, ಬಳಸಿದ ಸಾಧನ, ಮಾಡಿದವರು. ಕೊನೆಯ ಅಂಕಣದಲ್ಲಿ 'ತಿಳಿದಿಲ್ಲ' ಎಂದು ಬರೆಯುವಾಗ ಅಕ್ಕೋರು ನನ್ನ ಪೆನ್ಸಿಲ್ಲನ್ನು ಬೆರಳಿನಿಂದ ತಡೆದರು.

"ಅದು ನಾನ."

ನನಗೆ ಅರ್ಥವಾಗಲಿಲ್ಲ.

"ಎಪ್ಪತ್ನಾಲ್ಕರಾಗ. ಬರ್ಮಿಂಗ್‌ಹ್ಯಾಮ್‌ನಾಗ ಒಬ್ಬ ಹಳೀ ಸಾಮಾನಿನ ವ್ಯಾಪಾರಿ ಹತ್ತರ ಕೆಲಸಕ್ಕಿದ್ದೆ. ಗಡಿಗಿ ತಂದು ಮುಂದ ಇಟ್ಟ. ಇದು ಸೊಟ್ಟ ಅದ, ಇದನ್ನ ಯಾರು ತಗೋತಾರ, ಗ್ರೀಕ ಮಾಡು ಅಂದ. ಮೂಗು ನೆಟ್ಟಗ ಮಾಡಿದೆ. ಹಿಮ್ಮಡ ನೆಲಕ್ಕ ಹತ್ತಿಸಿದೆ. ರೆಕ್ಕಿ ಮ್ಯಾಲ ಬಣ್ಣ ಕೂಡಲಿಲ್ಲ, ಉಬ್ಬಿ ಕಾಣ್ತಿತ್ತು. ಕೆರದು ಬಿಡು ಅಂದ. ಕೆರದು, ಮ್ಯಾಲ ಗುರಾಣಿ ಬರದೆ."

"ಎಷ್ಟು ಹೊತ್ತು ಹಿಡೀತು?" ನನ್ನ ಬಾಯಿಂದ ಬಂದದ್ದು ಈ ಪ್ರಶ್ನೆ.

"ಒಂದು ಮಧ್ಯಾಹ್ನ. ನನಗ ಇಪ್ಪತ್ತನಾಲ್ಕು ವರ್ಷ. ಕೈ ಭಾಳ ಚೊಲೊ ಅದ ಅಂತ ಎಲ್ಲಾರೂ ಅಂತಿದ್ರು. ನಾನೂ ಅದನ್ನ ನಂಬಿದ್ದೆ. ಈ ಸೊಟ್ಟಗ ಬರದಾಂವಗಿಂತ ನಾನ ಚೊಲೊ ಬರೀತೀನಿ ಅಂತ..." ಅಲ್ಲಿಗೆ ನಿಲ್ಲಿಸಿದರು.

ಜಾಡಿ ಮಾರಾಟವಾಯಿತು, ಅವರು ಮರೆತರು. ನಿವೃತ್ತಿಯ ಮೇಲೆ ಒಂದು ದಿನ ಸುಮ್ಮನೆ ಈ ವಸ್ತುಸಂಗ್ರಹಾಲಯಕ್ಕೆ ಬಂದಾಗ ಗಾಜಿನ ಕಪಾಟಿನಲ್ಲಿ ತಮ್ಮ ಕೈ ಕಂಡಿತು. ಮರುವಾರವೇ ಸ್ವಯಂಸೇವಕಿಯಾಗಿ ಸೇರಿದರು. ಒಂಬತ್ತು ವರ್ಷ ಬೇರೆಯವರ ಲೋಟ, ಬಟ್ಟಲು, ಗೊಂಬೆ ಜೋಡಿಸುತ್ತ ಈ ಒಂದು ಜಾಡಿ ಮೇಜಿಗೆ ಬರಲಿ ಎಂದು ಕಾದರು.

"ಆ ರೆಕ್ಕಿ ನನ್ನ ಕಣ್ಣಾಗ ಹಂಗ ಅದ. ಎಷ್ಟು ಗರಿ, ಯಾವ ಗರಿ ಕೆಂಪು, ಯಾವುದು ಬಿಳಿ, ಎಲ್ಲಾ ಹೇಳ್ತೀನಿ. ಕೆರಿಯೂದಕ್ಕಿಂತ ಮೊದಲ ಕೊನೀಗೆ ನೋಡಿದಾಕಿ ನಾನ. ಬರದು ಕೊಡ್ತೀನಿ, ಫೈಲಿನ್ಯಾಗ ಹಾಕು. ನನ್ನ ಹೆಸರ ಮಾತ್ರ ಬ್ಯಾಡ."

ನಾನು ಪೆನ್ಸಿಲ್ ಕೆಳಗಿಟ್ಟೆ. ಯಾರು ನೋಡಿದರು ಎಂದು ಹೇಳದೆ ಚಿತ್ರ ಫೈಲಿಗೆ ಸೇರುವುದಿಲ್ಲ, ಆಧಾರವಿಲ್ಲದ್ದು ದಾಖಲೆಯಾಗುವುದಿಲ್ಲ, ಅದೂ ಇನ್ನೊಂದು ಬಣ್ಣ ಬಳಿದ ಹಾಗೇ ಎಂದೆ. ಇದನ್ನು ನಾನು ಮೆತ್ತಗೆ ಹೇಳಲಿಲ್ಲ.

"ಹೆಸರ ಬರದ್ರ ನಾಳೆಯಿಂದ ನನ್ನ ಒಳಗ ಬಿಡೂದಿಲ್ಲ, ಮಗಳ. ಈ ಮಂದಿ ಮುಂದ..."

"ನೀವು ಅವರ ಮುಂದೆ ಒಂಬತ್ತು ವರ್ಷ ಸುಳ್ಳು ಹೇಳಿದ್ದೀರಿ" ಎಂದೆ.

ಅಕ್ಕೋರು ಉಪಯೋಗಿಸಿದ ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿದರು. ನಾನು ಮೂರೂ ನಲವತ್ತರ ರೈಲಿಗೆ ಹೊರಟೆ. ವಾರವಾರವೂ ಬರೆಯುತ್ತ ಬಂದಿದ್ದ ಕೋರ್ಸಿನ ವರದಿಗೆ ಉಳಿದದ್ದನ್ನು ರೈಲಿನಲ್ಲೇ ಟೈಪ್ ಮಾಡಿ ಸೇರಿಸಿದೆ. ಹೆಸರು, ವರ್ಷ, ಊರು, ಕೆರೆದದ್ದರ ಬಗ್ಗೆ ಅವರು ಹೇಳಿದ ಮಾತು, ಎಲ್ಲ. ಹಡ್ಡರ್ಸ್‌ಫೀಲ್ಡ್ ದಾಟುವಷ್ಟರಲ್ಲಿ ಕ್ಯುರೇಟರ್‌ಗೆ ಕಳಿಸಿಯೂ ಆಗಿತ್ತು. ಆ ಜಾಡಿಯ ಮೇಲೆ ನಾನು ಉರುಳಿಸಿದ ಒಂದೊಂದು ಕಡ್ಡಿಯೂ ನಾಲಿಗೆಯ ಮೇಲೆ ಮತ್ತೆ ಬಂದ ಹಾಗಾಗಿ, ಲೀಡ್ಸ್‌ನಲ್ಲಿ ಇಳಿದವಳೇ ಬಾಯಿ ಮುಕ್ಕಳಿಸಿದೆ.

ಮುಂದಿನ ಮಂಗಳವಾರ ಅಕ್ಕೋರು ಇರಲಿಲ್ಲ. ಅವರ ಏಪ್ರನ್ ಮೊಳೆಯಲ್ಲಿ ನೇತಾಡುತ್ತಿತ್ತು. ಅವರಿಗೆ ಇನ್ನು ಬರಬೇಡಿ ಎಂದು ಪತ್ರ ಹೋಗಿದೆ ಎಂದು ಕ್ಯುರೇಟರ್ ತಿಳಿಸಿದರು. ಜಾಡಿಯನ್ನು ಪ್ರದರ್ಶನದಿಂದ ಕೈಬಿಟ್ಟಿದ್ದರು. "ಕೊನೆಗೆ ಅದು ಬರೀ ಎಟ್ರುಸ್ಕನ್" ಎಂದರು, ಊಟಕ್ಕೆ ಕೊಟ್ಟ ಸ್ಯಾಂಡ್‌ವಿಚ್ ಒಣಗಿದೆ ಎಂದು ಹೇಳುವ ದನಿಯಲ್ಲಿ. ರೆಕ್ಕೆ ಹೋದದ್ದರ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಉಳಿದ ವಾರಗಳಲ್ಲಿ ನಾನೊಬ್ಬಳೇ ಕೆಳಗೆ ಕೂತು ಜಾಡಿಯನ್ನು ಪೆಟ್ಟಿಗೆಗೆ ತುಂಬಿದೆ, ಪಟ್ಟಿಗಳನ್ನು ಮುಗಿಸಿದೆ.

18 ಮಾರ್ಚ್, ನನ್ನ ಕೊನೆಯ ದಿನ. ಹನ್ನೊಂದೂವರೆಗೆ ಮೇಲಿನ ಕೌಂಟರ್‌ನಿಂದ ಕರೆ ಬಂತು. ಅಕ್ಕೋರು ಏಪ್ರನ್ ತೆಗೆದುಕೊಂಡು ಹೋಗಲು ಬಂದಿದ್ದರು. ಒಳಗೆ ಬಿಡುವಂತಿಲ್ಲ, ಅದಕ್ಕೆ ನಾನೇ ಒಯ್ದು ಕೊಟ್ಟೆ. ಅವರ ಕೈಯಲ್ಲಿ ಒಂದು ದೊಡ್ಡ ಕಂದು ಲಕೋಟೆ ಇತ್ತು.

"ಬರದೀನಿ. ಎರಡೂ ಬಣ್ಣ ಹಾಕೀನಿ. ಕೆಳಗ ನನ್ನ ಹೆಸರ, ಎಪ್ಪತ್ನಾಲ್ಕನೇ ಇಸ್ವಿ, ನಾನ ಕೆರದೀನಿ ಅಂತನೂ ಬರದು ಸಹಿ ಮಾಡೀನಿ. ಈಗ ಆಧಾರ ಆತಿಲ್ಲೋ?"

ಅವರು ಲಕೋಟೆಯ ಅಂಚನ್ನು ಎತ್ತಿ, ನಾಲಿಗೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ಆಡಿಸಿ, ಹೆಬ್ಬೆರಳಿನಿಂದ ಒತ್ತಿ ಮುಚ್ಚಿ ಮುಂದೆ ಚಾಚಿದರು. ಮುಚ್ಚಿದ ಕಡೆ ಇನ್ನೂ ಒದ್ದೆ ಹೊಳೆಯುತ್ತಿತ್ತು.

ನನ್ನ ಕೈ ಏಳಲಿಲ್ಲ. ಅದು ಎಂಜಲಿನ ಅಸಹ್ಯವೋ, ಆ ಬೆರಳುಗಳ ಅಸಹ್ಯವೋ, ಆಗ ಗೊತ್ತಿರಲಿಲ್ಲ. ಎರಡು ತಿಂಗಳು ಸತ್ತವರ ಮಡಕೆಯ ಕೊಳೆಯನ್ನು ನನ್ನದೇ ಉಗುಳಿನಿಂದ ಒರೆಸಿದವಳು ನಾನು. ಕೈ ಚಾಚಲು ಆಗಲಿಲ್ಲ.

"ನನಗೆ ಬೇಡ ಅಕ್ಕೋರೆ. ಕ್ಯುರೇಟರ್‌ಗೆ ಕೊಡಿ."

"ಅವರು ನನ್ನ ಹತ್ರ ಮಾತಾಡೂದಿಲ್ಲಂತ."

"ಹಾಗಾದ್ರೆ ಪೋಸ್ಟ್ ಮಾಡಿ."

ಅವರು ಲಕೋಟೆಯನ್ನು ಏಪ್ರನ್ನಿನೊಳಗೆ ಸುತ್ತಿಕೊಂಡರು. "ರೈಲಿಗೆ ತಡಾ ಆಗತದ" ಎಂದು ಬಾಗಿಲು ದೂಡಿಕೊಂಡು ಹೋದರು. ಹೊರಗೆ ಗಾಳಿ ಜೋರಾಗಿತ್ತು. ಸೀರೆಯ ನೆರಿಗೆ ಹಿಡಿದುಕೊಂಡು ಇಳಿಜಾರಿನಲ್ಲಿ ನಿಧಾನವಾಗಿ ಇಳಿದದ್ದು ನೆನಪಿದೆ... ಅಲ್ಲಿಂದಾಚೆ ನಾನು ಅವರನ್ನು ನೋಡಲಿಲ್ಲ.

ಅವರು ಪೋಸ್ಟ್ ಮಾಡಲಿಲ್ಲ. ಇದನ್ನು ನಾನು ವಸ್ತುಸಂಗ್ರಹಾಲಯಕ್ಕೆ ಮೂರು ಸಲ ಇ-ಮೇಲ್ ಬರೆದು ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಮೊದಲನೆಯದನ್ನು ಬರೆದದ್ದು 2015ರಲ್ಲಿ. ಅಷ್ಟು ತಡವಾಗಿ.

ನನ್ನ ವರದಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಮಾದರಿ ದಾಖಲೆ ಎಂದು ಪರೀಕ್ಷಕರು ಅಂಚಿನಲ್ಲಿ ಬರೆದರು. ಅದರ ಪ್ರತಿ ಈಗ ಮುಂದೆಯೇ ಇದೆ. ಹದಿನಾಲ್ಕನೆಯ ಪುಟದಲ್ಲಿ ಒಂದು ವಾಕ್ಯ: 'ಭುಜದ ಭಾಗದ ಮೂಲ ಚಿತ್ರ ಹೇಗಿತ್ತೆಂದು ತಿಳಿಯುವ ದಾರಿಯಿಲ್ಲ.' ಇಡೀ ವರದಿಯಲ್ಲಿ ಅಳತೆ ತಪ್ಪಿಲ್ಲ, ತಾರೀಖು ತಪ್ಪಿಲ್ಲ. ಈ ಒಂದು ವಾಕ್ಯ ಮಾತ್ರ ಸುಳ್ಳು. ಬರೆಯುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು. ದಾರಿ ಇತ್ತು. ಬಸ್ಸು ಬದಲಿಸಿಕೊಂಡು ಬರುತ್ತಿತ್ತು, ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುತ್ತಿತ್ತು. ಸುಳ್ಳು ಹೇಳಿದ್ದೀರಿ ಎಂದು ಅವರ ಮುಖಕ್ಕೆ ಹೇಳಿದ ದಿನವೇ ನಾನು ಇದನ್ನು ಬರೆದೆ. ಅವರ ಮೇಲಿನ ಅಸಹ್ಯ ಐದೂವರೆ ವರ್ಷದಲ್ಲಿ ಕಡಿಮೆಯಾಗಿಲ್ಲ. ಹೆಸರಿಲ್ಲದ ಒಬ್ಬ ಕಲಾವಿದನ ಕೈಯನ್ನು ಒಂದು ಮಧ್ಯಾಹ್ನದಲ್ಲಿ ಕೆರೆದು ಹಾಕಿದರು, ಅದು ನೀಚ ಕೆಲಸವೇ. ಆದರೆ ಆ ಪುಟ ತೆರೆದಾಗ ಬರುವ ವಾಕರಿಕೆ ಅವರ ಮೇಲಿನದಲ್ಲ.

ಕೋರ್ಸ್ ಮುಗಿದ ಮೇಲೆ ಆ ಕೆಲಸಕ್ಕೆ ನಾನು ಹೋಗಲಿಲ್ಲ. ಇಲ್ಲಿ ಔಷಧ ತಯಾರಿಸುವ ಕಡೆ ದಾಖಲೆ ಪರಿಶೀಲಿಸುತ್ತೇನೆ. ಆ ವಸ್ತುಸಂಗ್ರಹಾಲಯವನ್ನು ಖರ್ಚಿನ ಕಾರಣಕ್ಕೆ ಮುಚ್ಚಿದರು. ಪೆಟ್ಟಿಗೆಗಳು ಬೇರೆ ಬೇರೆ ಕಡೆಗೆ ಹೋದವು. ಜಾಡಿ ಎಲ್ಲಿದೆ ಎಂದು ಯಾರೂ ಖಚಿತವಾಗಿ ಹೇಳುತ್ತಿಲ್ಲ.

2017ರ ಯುಗಾದಿಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಕನ್ನಡಿಗರು ಸೇರಿದ್ದಾಗ, ಊಟದ ಸಾಲಿನಲ್ಲಿ ನನ್ನ ಮುಂದಿದ್ದ ಹಿರಿಯರೊಬ್ಬರು ಧಾರವಾಡದ ಮಾತಾಡುತ್ತಿದ್ದರು. ಅಕ್ಕೋರ ಬಗ್ಗೆ ಕೇಳಿದೆ. "ಆ ಚಿತ್ರ ಬರೀತಿದ್ದ ಬಾಯಾರು? ಹೋದ ಚಳಿಗಾಲದಾಗ ತೀರಿಹೋದ್ರಲ್ಲ" ಎಂದರು. ಕೋಸಂಬರಿ ಬಡಿಸುವವರು ತಟ್ಟೆ ಹಿಡಿಯಿರಿ ಎಂದು ಎರಡು ಸಲ ಹೇಳಬೇಕಾಯಿತು.

ಅವರಿಂದ ಮಗನ ನಂಬರ್ ಸಿಕ್ಕಿತು. ವಿಮಾನ ನಿಲ್ದಾಣದಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತದೆ, ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಸೌಜನ್ಯದಿಂದಲೇ ಮಾತಾಡಿದರು. ಅಮ್ಮನ ಹೆಸರನ್ನು ಎಲ್ಲೂ ಬರೆಯಬಾರದು ಎಂದರು, ನಾನು ಮಾತು ಕೊಟ್ಟೆ. ಅಮ್ಮ ಬರೆದ ಚಿತ್ರಗಳು ಮನೆ ತುಂಬ ಇದ್ದವಂತೆ. ಅಂತ್ಯಕ್ರಿಯೆಯ ದಿನ ಅವನ್ನೆಲ್ಲ ಹಾಲ್‌ನ ಮೇಜಿನ ಮೇಲೆ ಹರಡಿ, ಬಂದವರು ನೆನಪಿಗೆ ಒಂದೊಂದು ತೆಗೆದುಕೊಂಡು ಹೋಗಿ ಎಂದರಂತೆ. ಲಕೋಟೆಗಳೂ ಇದ್ದವೇ ಎಂದು ಕೇಳಿದೆ. ಇದ್ದವು, ಕೆಲವು ಮುಚ್ಚಿದ್ದವು, ತೆರೆದು ನೋಡಲು ಆ ದಿನ ಯಾರಿಗೆ ಪುರುಸೊತ್ತಿತ್ತು ಎಂದರು. ಯಾರು ಯಾವುದನ್ನು ಒಯ್ದರೆಂದು ಪಟ್ಟಿ ಮಾಡಿಲ್ಲ. ಸುಮಾರು ನಲವತ್ತು ಜನ ಬಂದಿದ್ದರು. ಇದುವರೆಗೆ ಹದಿಮೂರು ಜನರನ್ನು ಹುಡುಕಿ ಕೇಳಿದ್ದೇನೆ. ಹೂವು, ಹಕ್ಕಿ, ಉಳವಿಯ ದಾರಿ, ಒಂದು ಬೆಕ್ಕು. ರೆಕ್ಕೆಯ ಓಟಗಾರ ಯಾರ ಹತ್ತಿರವೂ ಇಲ್ಲ.

ಉಳಿದ ಇಪ್ಪತ್ತೇಳು ಜನರಲ್ಲಿ ಯಾರಾದರೂ ಇದನ್ನು ಓದುತ್ತಿರಬಹುದು. 2016ರ ಚಳಿಗಾಲದಲ್ಲಿ, ವಿದನ್‌ಶಾ ಹತ್ತಿರ, ಪಿಂಗಾಣಿ ಜೋಡಿಸುತ್ತಿದ್ದ ಧಾರವಾಡದ ಒಬ್ಬ ಹಿರಿಯ ಹೆಂಗಸಿನ ಅಂತ್ಯಕ್ರಿಯೆಗೆ ನೀವು ಹೋಗಿದ್ದರೆ, ಅಲ್ಲಿಂದ ತಂದದ್ದು ಗೋಡೆಯ ಮೇಲಿದ್ದರೂ ಡ್ರಾಯರಿನ ತಳದಲ್ಲಿದ್ದರೂ ಒಮ್ಮೆ ನೋಡಿ. ಉದ್ದ ಮೂಗಿನ, ದಪ್ಪ ತೊಡೆಯ, ಓಡುತ್ತಲೋ ಕುಣಿಯುತ್ತಲೋ ಇರುವ ಮನುಷ್ಯ, ಭುಜದಿಂದ ಮೇಲಕ್ಕೆ ಕೆಂಪು ಬಿಳಿ ಗರಿ. ಕೆಳಗೆ ಸಹಿ ಇರುತ್ತದೆ. ಚಿತ್ರ ನಿಮ್ಮ ಹತ್ತಿರವೇ ಇರಲಿ, ಒಂದು ಫೋಟೋ ಸಾಕು. ಲಕೋಟೆ ಇನ್ನೂ ಅಂಟಿಯೇ ಇದ್ದರೆ ನೀವು ತೆರೆಯಬೇಡಿ. ಈ ಪತ್ರಿಕೆಯ ಸಂಪಾದಕರಿಗೆ ಒಂದು ಸಾಲು ಬರೆಯಿರಿ, ಯಾವ ಊರಾದರೂ ನಾನೇ ಬರುತ್ತೇನೆ. ಈ ಸಲ ಕೈಯಲ್ಲಿ ತೆಗೆದುಕೊಳ್ಳುತ್ತೇನೆ.